ಹೊರುವುದೂ ಒಯ್ಯುವುದೂ ಒಂದೇ ಅಲ್ಲ

ಇಂಗ್ಲಿಷಿನ 'ಕ್ಯಾರಿ' ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ಏನು ಹೇಳಬೇಕು? ಶಾಲೆಯ ಮಕ್ಕಳನ್ನು ಕೇಳಿದರೆ ಥಟ್ಟನೆ ಬರುವ ಉತ್ತರ 'ಹೊರು'. ಉತ್ತರ ತಪ್ಪೇನಲ್ಲ. ಕೂಲಿಯವನು ಮೂಟೆಯನ್ನು ಕ್ಯಾರಿ ಮಾಡಿದರೆ ಅದು ಹೊರುವುದೇ. ಆದರೆ ಅದೇ ಮಗು ಮುಂದಿನ ವಾಕ್ಯದಲ್ಲಿ 'ಅಪ್ಪ ಛತ್ರಿ ಹೊತ್ತುಕೊಂಡು ಆಫೀಸಿಗೆ ಹೋದರು' ಎಂದು ಅನುವಾದ ಮಾಡಿದಾಗ ತರಗತಿಯೆಲ್ಲ ನಗುತ್ತದೆ. ಛತ್ರಿಯನ್ನು ಯಾರೂ ಹೊರುವುದಿಲ್ಲ, ಹಿಡಿದುಕೊಂಡು ಹೋಗುತ್ತಾರೆ. ಕೂಸನ್ನು ಎತ್ತಿಕೊಂಡು ಹೋಗುತ್ತಾರೆ. ಊಟದ ಡಬ್ಬಿಯನ್ನು ತೆಗೆದುಕೊಂಡು ಹೋಗುತ್ತಾರೆ, ಬುತ್ತಿಯಾದರೆ ಕಟ್ಟಿಕೊಂಡು ಹೋಗುತ್ತಾರೆ. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಹೋಗುತ್ತಾರೆ. ಇಷ್ಟಕ್ಕೂ ಇಂಗ್ಲಿಷಿನವನಿಗೆ ಸಾಕಾಗುವುದು 'ಕ್ಯಾರಿ' ಒಂದೇ.

ಇದನ್ನು ಕಂಡು ಇಂಗ್ಲಿಷ್ ಬಡ ಭಾಷೆ, ಕನ್ನಡ ಶ್ರೀಮಂತ ಭಾಷೆ ಎಂದು ಬೀಗುವ ಅಗತ್ಯವಿಲ್ಲ. ಎರಡೂ ಭಾಷೆಗಳು ಒಂದೇ ಕೆಲಸವನ್ನು ಬೇರೆ ಬೇರೆ ಕಡೆಯಿಂದ ನೋಡುತ್ತವೆ, ಅಷ್ಟೆ. ವಸ್ತುವನ್ನು ಹಿಡಿದದ್ದು, ಹಿಡಿದುಕೊಂಡೇ ನಡೆದದ್ದು ಎಂಬ ಎರಡು ಸಂಗತಿಗಳನ್ನು ಇಂಗ್ಲಿಷ್ ಒಂದೇ ಕ್ರಿಯಾಪದದಲ್ಲಿ ಅಡಗಿಸಿಬಿಡುತ್ತದೆ. ಕನ್ನಡ ಇವೆರಡನ್ನೂ ಬಿಡಿಸಿ ಹೇಳುತ್ತದೆ. ಮೊದಲು ಹೇಗೆ ಹಿಡಿದ ಎಂಬುದು: ಹೊತ್ತುಕೊಂಡು, ಎತ್ತಿಕೊಂಡು, ಕಟ್ಟಿಕೊಂಡು. ಆಮೇಲೆ ಎತ್ತ ನಡೆದ ಎಂಬುದು: ಹೋದ ಅಥವಾ ಬಂದ. 'ಕೊಂಡು' ಎಂಬ ಪುಟ್ಟ ಪದ ನಡುವೆ ನಿಂತು ಎರಡನ್ನೂ ಹೊಂದಿಸುತ್ತದೆ.

ದಿಕ್ಕಿನ ಮಾತನ್ನೂ ಇಲ್ಲಿಯೇ ಗಮನಿಸಬೇಕು. 'ಬ್ರಿಂಗ್' ಎಂದರೆ ತರು, 'ಟೇಕ್' ಎಂದರೆ ಒಯ್ಯು. ಮೊದಲನೆಯದು ಮಾತನಾಡುವವನ ಕಡೆಗೆ, ಎರಡನೆಯದು ಅವನಿಂದ ಆಚೆಗೆ. 'ಕ್ಯಾರಿ'ಗೆ ಮಾತ್ರ ದಿಕ್ಕಿಲ್ಲ. ಬಂದರೂ ಕ್ಯಾರಿ, ಹೋದರೂ ಕ್ಯಾರಿ. ಕನ್ನಡಕ್ಕೆ ತರುವಾಗ ಈ ದಿಕ್ಕನ್ನು ಅನುವಾದಕನೇ ಸಂದರ್ಭ ನೋಡಿ ಗೊತ್ತುಮಾಡಬೇಕು. ಧಾರವಾಡದ ಕಡೆ 'ಒಯ್ಯು' ಇಂದಿಗೂ ಮನೆಮಾತು. ಮೈಸೂರಿನ ಕಡೆ ಅದು ಬರವಣಿಗೆಗೆ ಸರಿದು, ಆಡುಮಾತಿನಲ್ಲಿ 'ತಗೊಂಡು ಹೋಗು' ಬಂದಿದೆ. ಎರಡೂ ಶುದ್ಧ ಕನ್ನಡವೇ.

ಈ ಇಂಗ್ಲಿಷ್ ಪದದ ಹುಟ್ಟು ಸ್ವಾರಸ್ಯಕರವಾದುದು. ಅದರ ಮೂಲದಲ್ಲಿ ತಲೆಯೂ ಇಲ್ಲ, ಹೆಗಲೂ ಇಲ್ಲ, ಇರುವುದು ಚಕ್ರ. ಲ್ಯಾಟಿನ್ ಭಾಷೆಯಲ್ಲಿ 'ಕಾರುಸ್' ಎಂದರೆ ಬಂಡಿ. ರೋಮನರು ಆ ಪದವನ್ನು ಗಾಲ್ ಪ್ರಾಂತದ ಜನರಿಂದ ಪಡೆದರು. ಅದರಿಂದ ಉತ್ತರ ಫ್ರಾನ್ಸಿನ ಆಡುನುಡಿಯಲ್ಲಿ 'ಬಂಡಿಯಲ್ಲಿ ಸಾಗಿಸು' ಎಂಬ ಅರ್ಥದ ಕ್ರಿಯಾಪದ ಹುಟ್ಟಿತು. ನಾರ್ಮನ್ನರ ಮೂಲಕ ಅದು ಇಂಗ್ಲೆಂಡಿಗೆ ಹೋಗಿ 'ಕ್ಯಾರಿ' ಆಯಿತು. ಇಂದು ರಸ್ತೆಯಲ್ಲಿ ಓಡುವ 'ಕಾರು', ಹಡಗಿಗೆ ತುಂಬುವ 'ಕಾರ್ಗೋ', ಅಂಗಡಿಯವನು ಹಾಕುವ 'ಚಾರ್ಜು' ಎಲ್ಲವೂ ಇದೇ ಮನೆತನದವು. ವ್ಯಂಗ್ಯಚಿತ್ರಕ್ಕೆ ಹೇಳುವ 'ಕ್ಯಾರಿಕೇಚರ್' ಕೂಡ ದೂರದ ನೆಂಟ. ಮುಖದ ಒಂದೆರಡು ಲಕ್ಷಣಗಳ ಮೇಲೆ ಅತಿಯಾಗಿ ಹೇರು ಹಾಕುವುದು ಎಂಬುದು ಅದರ ಮೂಲಾರ್ಥ.

'ಹೊರು' ಎಂಬುದರ ವಂಶ ಬೇರೆ. ಹಳಗನ್ನಡದಲ್ಲಿ ಅದು 'ಪೊಱು'. ತಮಿಳಿನಲ್ಲಿಯೂ 'ಪೊಱು' ಇದೆ. ಅಲ್ಲಿ ಅದಕ್ಕೆ ಭಾರ ತಾಳು ಎಂಬ ಅರ್ಥದ ಜೊತೆಗೆ ಸಹಿಸು, ತಾಳ್ಮೆಯಿಂದಿರು ಎಂಬ ಅರ್ಥವೂ ಉಂಟು. ಆದ್ದರಿಂದ ಲೆಕ್ಕ ಹಾಕಿ ನೋಡಿದರೆ 'ಹೊರು' ಎಂಬುದು ಇಂಗ್ಲಿಷಿನ 'ಕ್ಯಾರಿ'ಗಿಂತ 'ಬೇರ್' ಎಂಬ ಪದಕ್ಕೇ ಹೆಚ್ಚು ಹತ್ತಿರ. ಕಂಬ ಚಾವಣಿಯನ್ನು ಹೊತ್ತು ನಿಂತಿರುತ್ತದೆ, ಒಂದಂಗುಲವೂ ಕದಲುವುದಿಲ್ಲ. ಹೊಣೆ ಹೊರುತ್ತಾರೆ, ಹರಕೆ ಹೊರುತ್ತಾರೆ, ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಾರೆ. ತಾಯಿ ಒಂಬತ್ತು ತಿಂಗಳು ಹೊತ್ತು ಹೆರುತ್ತಾಳೆ. ಇವುಗಳಲ್ಲಿ ಯಾವುದರಲ್ಲಿಯೂ ವಸ್ತು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಬೇಕಾಗಿಲ್ಲ. 'ಹೊರು' ಎಂದ ಕೂಡಲೇ ಕಿವಿಗೆ ಕೇಳಿಸುವುದು ಭಾರ, 'ಒಯ್ಯು' ಎಂದಾಗ ಕೇಳಿಸುವುದು ದಾರಿ. 'ಕ್ಯಾರಿ' ಎಂಬುದರಲ್ಲಿ ಎರಡೂ ಇವೆ. ಯಾವುದನ್ನು ಆರಿಸಿಕೊಳ್ಳಬೇಕು ಎಂಬುದೇ ಅನುವಾದಕನಿಗೆ ಎದುರಾಗುವ ಪ್ರಶ್ನೆ.

ಕೆಲವು ಕಡೆ ಎರಡೂ ಬೇಕಾಗುವುದಿಲ್ಲ. ಸಭೆಯಲ್ಲಿ ಮೋಷನ್ ಕ್ಯಾರಿ ಆಯಿತು ಎಂದರೆ ನಿರ್ಣಯ ಅಂಗೀಕಾರವಾಯಿತು ಎಂದರ್ಥ. ಒಬ್ಬರ ದನಿ ಚೆನ್ನಾಗಿ ಕ್ಯಾರಿ ಆಗುತ್ತದೆ ಎಂದರೆ ಕೊನೆಯ ಸಾಲಿನವರಿಗೂ ಕೇಳಿಸುತ್ತದೆ ಎಂದು. ಒಬ್ಬರ ಮಾತು ವೆಯ್ಟ್ ಕ್ಯಾರಿ ಮಾಡುತ್ತದೆ ಎಂದರೆ ಆ ಮಾತಿಗೆ ತೂಕವಿದೆ ಎಂದು. 'ಕ್ಯಾರಿ ಔಟ್' ಎಂದರೆ ನೆರವೇರಿಸು. ಆದೇಶವನ್ನು ಹೊರಗೆ ಒಯ್ಯಬೇಕಾದ ಕಾರಣವಿಲ್ಲ. 'ಕ್ಯಾರಿಡ್ ಅವೇ' ಎಂದರೆ ಭಾವಾವೇಶದಲ್ಲಿ ಕೊಚ್ಚಿಹೋಗುವುದು. ಕೂಡುವ ಲೆಕ್ಕದಲ್ಲಿ ಏಳು ಮತ್ತು ಐದು ಹನ್ನೆರಡು, ಎರಡು ಬರೆದು ಒಂದನ್ನು ಕ್ಯಾರಿ ಮಾಡು ಎಂದು ಇಂಗ್ಲಿಷ್ ಶಾಲೆಯವರು ಹೇಳಿದರೆ, ಕನ್ನಡ ಶಾಲೆಯ ಮೇಷ್ಟ್ರು 'ಎರಡು ಬರೆ, ಕೈಯಲ್ಲಿ ಒಂದು' ಎನ್ನುತ್ತಾರೆ. ಇದಕ್ಕಿಂತ ಚೊಕ್ಕಟವಾದ ಅನುವಾದ ಇನ್ನೊಂದಿಲ್ಲ.

ಕಾನೂನಿನ ಪುಸ್ತಕದಲ್ಲಿ ಈ ಪದಕ್ಕೆ ಇನ್ನೊಂದು ಛಾಯೆ. ಭಾರತ ಸಂವಿಧಾನದ 25ನೆಯ ಅನುಚ್ಛೇದದ ವಿವರಣೆಯಲ್ಲಿ ಸಿಖ್ಖರು ಕೃಪಾಣ ಧರಿಸುವುದರ ಜೊತೆಗೆ ಅದನ್ನು 'ಕ್ಯಾರಿ' ಮಾಡುವುದನ್ನೂ ಧರ್ಮಾಚರಣೆಯ ಭಾಗವೆಂದು ಒಪ್ಪಲಾಗಿದೆ. ಇಲ್ಲಿ 'ಹೊರು' ಎಂದರೆ ಕೃಪಾಣ ಒಂದು ಹೊರೆಯಾಗಿಬಿಡುತ್ತದೆ. 'ಬಳಿ ಇಟ್ಟುಕೊಳ್ಳುವುದು' ಎಂದರೆ ಮರ್ಯಾದೆಯೂ ಉಳಿಯುತ್ತದೆ, ಅರ್ಥವೂ ಉಳಿಯುತ್ತದೆ.

ಪದದ ಆಯ್ಕೆ ಬರಿಯ ಅಂದಚೆಂದದ ಮಾತಲ್ಲ ಎಂಬುದು ಆಸ್ಪತ್ರೆಯಲ್ಲಿ ಇನ್ನಷ್ಟು ಚೆನ್ನಾಗಿ ತಿಳಿಯುತ್ತದೆ. ವೈದ್ಯರು ಎರಡು ಬಗೆಯ ಜನರನ್ನು 'ಕ್ಯಾರಿಯರ್' ಎನ್ನುತ್ತಾರೆ. ಮೊದಲನೆಯ ಬಗೆಗೆ ಪ್ರಸಿದ್ಧ ಉದಾಹರಣೆ ಮೇರಿ ಮ್ಯಾಲನ್. ಐರ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಅಡಿಗೆ ಕೆಲಸ ಮಾಡುತ್ತಿದ್ದ ಈಕೆಗೆ ಟೈಫಾಯ್ಡಿನ ಯಾವ ಲಕ್ಷಣವೂ ಇರಲಿಲ್ಲ, ಆದರೆ ಮೈಯಲ್ಲಿ ರೋಗಾಣು ಇತ್ತು. ಆಕೆಯ ಕೈಯಡಿಗೆ ಉಂಡವರು ಕಾಯಿಲೆ ಬಿದ್ದರು. 1907ರಲ್ಲಿ ಆಕೆಯನ್ನು ನದಿಯ ನಡುವಿನ ದ್ವೀಪವೊಂದರಲ್ಲಿ ಪ್ರತ್ಯೇಕವಾಗಿ ಇಡಲಾಯಿತು. 1910ರಲ್ಲಿ ಬಿಡುಗಡೆಯಾಗಿ ಮತ್ತೆ ಅಡಿಗೆ ಕೆಲಸಕ್ಕೇ ಸೇರಿದ್ದರಿಂದ 1915ರಲ್ಲಿ ಪುನಃ ಅಲ್ಲಿಗೆ ಕಳಿಸಿದರು. 1938ರಲ್ಲಿ ಸಾಯುವವರೆಗೂ ಆಕೆ ಅಲ್ಲಿಯೇ ಉಳಿಯಬೇಕಾಯಿತು.

ಎರಡನೆಯ ಬಗೆ ಥಲಸ್ಸೇಮಿಯಾದಂಥ ಅನುವಂಶೀಯ ಕಾಯಿಲೆಗಳದು. ಇಲ್ಲಿ ಕ್ಯಾರಿಯರ್ ಎಂದರೆ ತಂದೆ ತಾಯಿಯರಿಂದ ಬಂದ ಜೋಡಿ ಜೀನುಗಳಲ್ಲಿ ಒಂದು ಮಾತ್ರ ದೋಷವುಳ್ಳದ್ದು. ಅಂಥವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಪಕ್ಕದಲ್ಲಿ ಕೂತರೆ, ಜೊತೆಯಲ್ಲಿ ಉಂಡರೆ ಅವರಿಂದ ಯಾರಿಗೂ ಏನೂ ಅಂಟುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಕ್ಯಾರಿಯರ್ ಆಗಿದ್ದರೆ ಮಾತ್ರ ಪ್ರತಿಯೊಂದು ಬಸಿರಿನಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಈಗ ರಕ್ತಪರೀಕ್ಷೆಯ ಚೀಟಿ ಹಿಡಿದು ನಿಂತ ಹುಡುಗಿಯ ತಂದೆಗೆ 'ನಿಮ್ಮ ಮಗಳು ರೋಗ ಹೊತ್ತಿದ್ದಾಳೆ' ಎಂದರೆ ಏನಾದೀತು? ಆತನಿಗೆ ಕೇಳಿಸುವುದು ಭಾರ ಮತ್ತು ಕಳಂಕ. ಕೂಡಿಬಂದ ಸಂಬಂಧ ಮುರಿದುಬೀಳಲು ಅಷ್ಟೇ ಸಾಕು. 'ವಾಹಕಿ' ಎಂಬ ಪುಸ್ತಕದ ಪದ ತಪ್ಪಲ್ಲದಿದ್ದರೂ ಅದು ಮೇರಿ ಮ್ಯಾಲನ್ನಳನ್ನೂ ಈ ಹುಡುಗಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. 'ಇವಳಿಗೆ ಕಾಯಿಲೆ ಇಲ್ಲ. ಯಾರಿಗೂ ಅಂಟುವುದೂ ಇಲ್ಲ. ಮದುವೆಯಾಗುವ ಹುಡುಗನ ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸಿ' ಎಂದು ಬಿಡಿಸಿ ಹೇಳುವವರೇ ಇಲ್ಲಿ ಒಳ್ಳೆಯ ಅನುವಾದಕರು.

ಇನ್ನು ಈ ಪದದ ಅತ್ಯಂತ ಕಹಿಯಾದ ಬಳಕೆಗೆ ಬರಬೇಕು. ಕೈಯಿಂದ ಮಲ ಬಳಿದು ಸಾಗಿಸುವ ಕೆಲಸಕ್ಕೆ ಇಂಗ್ಲಿಷಿನಲ್ಲಿ 'ಮ್ಯಾನುಯಲ್ ಸ್ಕ್ಯಾವೆಂಜಿಂಗ್' ಎನ್ನುತ್ತಾರೆ. ಕೇಳಲು ಅದು ಯಾವುದೋ ಇಲಾಖೆಯ ಕೆಲಸದ ಹೆಸರಿನಂತಿದೆ. ಕನ್ನಡ ಮಾತ್ರ ಮುಚ್ಚುಮರೆಯಿಲ್ಲದೆ 'ತಲೆಯ ಮೇಲೆ ಮಲ ಹೊರುವ ಪದ್ಧತಿ' ಎಂದಿತು. ಯಾರ ತಲೆ, ಯಾರ ಮಲ ಎಂಬ ಪ್ರಶ್ನೆಗಳು ಆ ಮಾತಿನ ಬೆನ್ನಿಗೇ ಬರುತ್ತವೆ. 1970ರ ದಶಕದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ಈ ಪದ್ಧತಿಯನ್ನು ನಿಷೇಧಿಸಿದರು. ದೇಶದ ಸಂಸತ್ತು ಕಾಯ್ದೆ ಮಾಡಿದ್ದು 1993ರಲ್ಲಿ. ಅದು ಮೊದಲು ಅನ್ವಯವಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಆ 1993ರ ಕಾಯ್ದೆಯಲ್ಲಿ ಈ ಕೆಲಸಗಾರ ಯಾರು ಎಂಬುದಕ್ಕೆ ಒಂದು ವ್ಯಾಖ್ಯೆ ಇತ್ತು. ಆ ವ್ಯಾಖ್ಯೆ ನಿಂತದ್ದು ಒಂದೇ ಕ್ರಿಯಾಪದದ ಮೇಲೆ. ಮನುಷ್ಯರ ಮಲವನ್ನು ಕೈಯಿಂದ 'ಕ್ಯಾರಿ' ಮಾಡುವ ಕೆಲಸಕ್ಕೆ ಇಟ್ಟುಕೊಂಡವರು ಎಂದಷ್ಟೇ ಅಲ್ಲಿ ಹೇಳಿತ್ತು. ಹಾಗಾದರೆ ಗುಂಡಿಗಿಳಿದು ಬಳಿದವನು? ತೆರೆದ ಚರಂಡಿಯಲ್ಲಿ ಕೈಯಾಡಿಸಿದವನು? ಮಲವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದು ಅವನ ಕೆಲಸವಲ್ಲ. ಆದ್ದರಿಂದ ಕಾಗದದ ಮೇಲೆ ಅವನು ವ್ಯಾಖ್ಯೆಯ ಹೊರಗೆ. ಕನ್ನಡದ 'ಹೊರು' ಎಂಬ ಮಾತನ್ನು ಹಿಡಿದರೂ ತೊಡಕು ತಪ್ಪುವುದಿಲ್ಲ. ತಲೆಯ ಮೇಲಿನ ಬುಟ್ಟಿ ಇಳಿದು ತಳ್ಳುಗಾಡಿ ಬಂದರೆ 'ಈಗ ಯಾರೂ ಹೊರುತ್ತಿಲ್ಲವಲ್ಲ' ಎಂದು ಹೇಳಿಬಿಡಬಹುದು.

2013ರಲ್ಲಿ ಬಂದ ಹೊಸ ಕಾಯ್ದೆ ಈ ಕೊರತೆಯನ್ನು ತುಂಬಿದ್ದು ಕ್ರಿಯಾಪದಗಳನ್ನು ಹೆಚ್ಚಿಸಿ. ಶುಚಿ ಮಾಡುವುದು, ಒಯ್ಯುವುದು, ವಿಲೇವಾರಿ ಮಾಡುವುದು, ಬೇರೆ ಯಾವುದೇ ರೀತಿಯಲ್ಲಿ ಕೈ ಹಾಕುವುದು ಎಲ್ಲವೂ ಸೇರಿದವು. ಸ್ಥಳಗಳ ಪಟ್ಟಿಗೆ ತೆರೆದ ಚರಂಡಿ, ಗುಂಡಿ, ರೈಲು ಹಳಿ ಬಂದವು. ಸುರಕ್ಷಾ ಸಾಧನವಿಲ್ಲದೆ ಒಳಚರಂಡಿಗೆ ಇಳಿಸುವುದನ್ನು ಪ್ರತ್ಯೇಕ ಅಪರಾಧವಾಗಿ ಮಾಡಲಾಯಿತು. ಮೊದಲ ಬಾರಿಯ ತಪ್ಪಿಗೇ ಎರಡು ವರ್ಷಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಉಂಟು. ಇಂಗ್ಲಿಷಿನಲ್ಲಿ ಅಪರಾಧವೊಂದು ಇಂತಿಷ್ಟು ಶಿಕ್ಷೆಯನ್ನು ಕ್ಯಾರಿ ಮಾಡುತ್ತದೆ ಎನ್ನುವ ಬಳಕೆಯೂ ಇದೆ. ಆದರೆ ಶಿಕ್ಷೆಯ ಹೊರೆ ಹೊತ್ತವರಿಗಿಂತ ಮ್ಯಾನ್‌ಹೋಲಿಗಿಳಿದು ಸತ್ತವರ ಸುದ್ದಿಯೇ ಪತ್ರಿಕೆಗಳಲ್ಲಿ ಹೆಚ್ಚು. ಅಂಥ ಸಾವುಗಳಿಗೆ ಸುಪ್ರೀಂ ಕೋರ್ಟು 2014ರಲ್ಲಿ ಹತ್ತು ಲಕ್ಷ ರೂಪಾಯಿಗಳ ಪರಿಹಾರ ಗೊತ್ತುಮಾಡಿತು, 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು.

ಹೊರುವ ಕೆಲಸವೇ ಕೀಳು ಎಂದು ಇದರಿಂದ ಯಾರೂ ತಿಳಿಯಬಾರದು. ಮೈಸೂರು ದಸರೆಯಲ್ಲಿ 750 ಕಿಲೋ ತೂಕದ ಅಂಬಾರಿಯನ್ನು ಅರ್ಜುನ ಹೊತ್ತ, 2020ರಲ್ಲಿ ಅಭಿಮನ್ಯು ಹೊತ್ತ ಎಂದು ಬರೆಯುವಾಗ ಪತ್ರಿಕೆಗಳು ಬಳಸಿದ್ದು ಇದೇ ಕ್ರಿಯಾಪದ. ಊರ ದೇವರ ಪಲ್ಲಕ್ಕಿಗೆ ಹೆಗಲು ಕೊಡಲು ಜನ ಮುಂದೆ ನುಗ್ಗುತ್ತಾರೆ. ಹೊರುವುದರಲ್ಲಿ ಗೌರವವಿದೆಯೋ ಅವಮಾನವಿದೆಯೋ ಎಂಬುದನ್ನು ಕ್ರಿಯಾಪದ ತೀರ್ಮಾನಿಸುವುದಿಲ್ಲ. ಹೊರೆ ಯಾವುದು, ಬೇಡವೆಂದು ಹೇಳುವ ಹಕ್ಕು ಹೊತ್ತವನಿಗೆ ಇತ್ತೋ ಇಲ್ಲವೋ ಎಂಬುದು ತೀರ್ಮಾನಿಸುತ್ತದೆ.

ಆದುದರಿಂದ 'ಕ್ಯಾರಿ' ಎಂಬ ಪದ ಎದುರಾದಾಗ ನಿಘಂಟಿನ ಮೊದಲ ಅರ್ಥವನ್ನು ಬರೆದು ಮುಂದೆ ಸಾಗುವುದು ಒಳ್ಳೆಯದಲ್ಲ. ಭಾರ ಮುಖ್ಯವಾದರೆ 'ಹೊರು' ಎನ್ನಬೇಕು. ದಾರಿ ಮುಖ್ಯವಾದರೆ 'ಒಯ್ಯು', 'ಸಾಗಿಸು', 'ಕೊಂಡುಹೋಗು' ಇವೆ. ಬಳಿಯಲ್ಲಿರುವುದಷ್ಟೇ ಮುಖ್ಯವಾದರೆ 'ಇಟ್ಟುಕೊಳ್ಳು' ಸಾಕು. ಒಂದು ಪದ ಸಾಲದೆಹೋದರೆ ನಾಲ್ಕು ಪದ ಬಳಸಲು ಹಿಂಜರಿಯಬಾರದು. ಒಂದೇ ಕ್ರಿಯಾಪದ ಸಾಲದು ಎಂದು ಒಪ್ಪಿ ನಾಲ್ಕನ್ನು ಬರೆಯಲು ಈ ದೇಶದ ಕಾನೂನಿಗೆ ಇಪ್ಪತ್ತು ವರ್ಷ ಬೇಕಾಯಿತು.