ಅಮ್ಮನ ಸ್ವೆಟರ್ ಯಾವ ಕಾಲಂಗೆ ಸೇರುತ್ತದೆ?

ಹೋದ ವರ್ಷ ಮಳೆಗಾಲದಲ್ಲಿ ನನ್ನ ಪಿಎಚ್‌ಡಿ ಪ್ರಬಂಧದ ಎರಡನೇ ಅಧ್ಯಾಯ ಓದಿದ ಹಿರಿಯರೊಬ್ಬರು ಅಂಚಿನಲ್ಲಿ ಕೆಂಪು ಪೆನ್ನಿನಿಂದ ಹೀಗೆ ಬರೆದಿದ್ದರು: 'ಇದು ಜಾನಪದವಲ್ಲ, ಹವ್ಯಾಸ. ತೆಗೆಯಿರಿ.' ಅಧ್ಯಾಯ ಇದ್ದದ್ದು ಸಾಗರ-ಸೊರಬ ಕಡೆಯ ಹೆಂಗಸರ ಕೈಕೆಲಸಗಳ ಬಗ್ಗೆ. ಹಸೆ ಚಿತ್ತಾರಕ್ಕೆ ಹದಿನೆಂಟು ಪುಟ, ಭೂಮಣ್ಣಿ ಬುಟ್ಟಿಗೆ ಏಳು ಪುಟ, ಉಲ್ಲನ್ ಹೆಣಿಗೆಗೆ ಎರಡು ಪುಟ. ಆ ಎರಡು ಪುಟಗಳನ್ನು ನಾನು ತೆಗೆದೆ. ತಕರಾರು ಮಾಡಲಿಲ್ಲ. ಅಧ್ಯಾಯ ಒಪ್ಪಿಗೆಯಾಗಬೇಕಿತ್ತು, ಫೆಲೋಶಿಪ್ ಕಂತು ಬರಬೇಕಿತ್ತು. ಈ ಬರಹ ಆ ಎರಡು ಪುಟಗಳ ಪರವಾಗಿ, ಮತ್ತು ಅವನ್ನು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟ ನನ್ನ ವಿರುದ್ಧವಾಗಿ.

ನಮ್ಮ ಮನೆ ಇರುವುದು ತಾಳಗುಪ್ಪದಲ್ಲಿ. ರೈಲಿಗೆ ಅದೇ ಕೊನೆಯ ನಿಲ್ದಾಣ. ಅಲ್ಲಿಂದ ಮುಂದೆ ಜೋಗದ ಕಡೆಗೆ ರಸ್ತೆ ಮಾತ್ರ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡದ ಊರು. ಒಗೆದ ಬಟ್ಟೆ ಒಲೆಯ ಮೇಲಿನ ಹಗ್ಗದಲ್ಲೇ ಒಣಗಬೇಕು. ಇಂಥ ಕಡೆ ಬೆಚ್ಚಗಿನ ಬಟ್ಟೆ ಅಲಂಕಾರಕ್ಕಲ್ಲ. ಅಮ್ಮ ಹೆಣೆಯುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಹಾಲು ಉಕ್ಕುವ ತನಕ ಒಲೆಯ ಪಕ್ಕ ನಿಂತು ಒಂದು ಸಾಲು. ಧಾರಾವಾಹಿಯಲ್ಲಿ ಜಾಹೀರಾತು ಬಂದಾಗ ಎರಡು ಸಾಲು. ಕರೆಂಟು ಹೋದರೆ ಜಗಲಿಯ ಬೆಳಕಿಗೆ ಬಂದು ನಾಲ್ಕು. ಅಕ್ಕನ ಮನೆಗೆಂದು ಬೆಂಗಳೂರಿನ ರೈಲು ಹತ್ತಿದರೆ ಅರಸೀಕೆರೆ ಬರುವಷ್ಟರಲ್ಲಿ ಒಂದು ತೋಳು ಮುಗಿದಿರುತ್ತದೆ.

ಕ್ಷೇತ್ರಕಾರ್ಯಕ್ಕೆಂದು ನಾನು ಮಾಡಿಕೊಂಡಿದ್ದ ಪ್ರಶ್ನಾವಳಿಯನ್ನು ಮೊದಲು ಪರೀಕ್ಷಿಸಿದ್ದು ಅಮ್ಮನ ಮೇಲೆ. ಅದರಲ್ಲಿ 'ಉದ್ಯೋಗ' ಅಂತ ಒಂದು ಕಾಲಂ, 'ಹವ್ಯಾಸ' ಅಂತ ಇನ್ನೊಂದು. ಉದ್ಯೋಗದ ಮುಂದೆ 'ಗೃಹಿಣಿ' ಎಂದು ಕೇಳದೆಯೇ ಬರೆದುಕೊಂಡೆ. ಹವ್ಯಾಸ ಏನು ಅಂತ ಕೇಳಿದೆ. 'ಎಂತ ಹವ್ಯಾಸನೇ ಮಾರಾಯ್ತಿ, ಕೈ ಸುಮ್ನಿರಲ್ಲ, ಹಾಕ್ತೀನಿ ಅಷ್ಟೆ' ಎಂದರು ಅಮ್ಮ, ಕಡ್ಡಿಯಿಂದ ಕಣ್ಣು ತೆಗೆಯದೆ. ನಾನು 'ಹೆಣಿಗೆ' ಎಂದು ತುಂಬಿದೆ. ಅಂದರೆ ಕೆಂಪು ಪೆನ್ನಿನವರು ಬರೆಯುವುದಕ್ಕೆ ಮೊದಲೇ ಆ ತೀರ್ಪನ್ನು ನಾನು ಕೊಟ್ಟಾಗಿತ್ತು.

ಪಕ್ಕದ ಮನೆಯ ದೊಡ್ಡಮ್ಮನ ಪ್ರಸಂಗ ಇನ್ನೂ ನಾಚಿಕೆಯದು. ಅವರು ಮದುವೆ ಮನೆಗಳಿಗೆ ಹಸೆ ಬರೆಯಲು ಹೋಗುವವರು. ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ನೆಲ, ಪುಂಡಿ ನಾರಿನ ಕುಂಚ, ಎಲ್ಲವನ್ನೂ ನಾನು ದಾಖಲಿಸಿದೆ. ಅದೇ ಮಧ್ಯಾಹ್ನ, ಅದೇ ಜಗಲಿಯಲ್ಲಿ, ಕೈ ತೊಳೆದುಕೊಂಡು ಬಂದು ಅವರು ಮೊಮ್ಮಗುವಿನ ಕುಲಾವಿ ಹೆಣೆಯತೊಡಗಿದರು. ನಾನು ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಚಹಾ ಕುಡಿದೆ. ಕುಂಚ ಹಿಡಿದಾಗ ಅವರು 'ಕಲಾವಿದೆ', ಕಡ್ಡಿ ಹಿಡಿದಾಗ 'ಟೈಂಪಾಸ್'. ಎರಡೂ ಲೆಕ್ಕದ ಕೆಲಸ, ಎರಡರಲ್ಲೂ ಒಂದು ಗೆರೆ ಅಥವಾ ಒಂದು ಕುಣಿಕೆ ತಪ್ಪಿದರೆ ನಮೂನೆ ಕೆಡುತ್ತದೆ. ವ್ಯತ್ಯಾಸ ಇದ್ದದ್ದು ನನ್ನ ಚೀಲದ ಜಿಪ್ಪಿನಲ್ಲಿ.

ಇದಕ್ಕೆ ನಮ್ಮ ವಲಯದ ಉತ್ತರ ನನಗೆ ಗೊತ್ತು. ಹೆಣಿಗೆ ನಮ್ಮದಲ್ಲ, ಕಡ್ಡಿ 19ನೇ ಶತಮಾನದ ಮಿಷನರಿ ಶಾಲೆಗಳಿಂದ ಬಂದದ್ದು, ಉಲ್ಲನ್ ಎನ್ನುವುದು ಲುಧಿಯಾನದ ಅಕ್ರಿಲಿಕ್, ನಮೂನೆ ಯೂಟ್ಯೂಬಿನದು. ನಮ್ಮದು ಕುರುಬರು ನೇಯ್ದ ಕಂಬಳಿ, ಅದರ ಕೊಪ್ಪೆ. ಸರಿ. ಆದರೆ ಈ ಮಾತು ಆಡುವ ನಾವು ಪದದ ಅರ್ಥಕ್ಕೆ ತೆರೆಯುವ ನಿಘಂಟು 1894ರಲ್ಲಿ ಪ್ರಕಟವಾದ ಕಿಟೆಲ್‌ ಅವರದು. ಕನ್ನಡದ ಮೊದಲ ಪತ್ರಿಕೆ ಎಂದು ಪ್ರತಿ ವರ್ಷ ಜುಲೈ 1ರಂದು ನೆನೆಯುವ 'ಮಂಗಳೂರು ಸಮಾಚಾರ' 1843ರಲ್ಲಿ ಬಾಸೆಲ್ ಮಿಷನ್ನಿನ ಮೊಗ್ಲಿಂಗ್ ಹೊರತಂದದ್ದು. ಗಂಡಸರು ತಂದು ಗಂಡಸರು ಓದಿದ ನಿಘಂಟು, ಪತ್ರಿಕೆ ನೂರೈವತ್ತು ವರ್ಷದಲ್ಲಿ ನಮ್ಮದಾದವು. ಮಿಷನರಿ ಹೆಂಗಸರಿಂದ ನಮ್ಮ ಹೆಂಗಸರು ಕಲಿತ ಕಡ್ಡಿ ಮಾತ್ರ ಇನ್ನೂ ಪರದೇಶಿ. ಪಿಟೀಲು ಕರ್ನಾಟಕ ಸಂಗೀತದ್ದಾಯಿತು, ಮೆಣಸಿನಕಾಯಿ ಮಲೆನಾಡಿನ ಅಡುಗೆಯದಾಯಿತು. ಯಾವುದು ಎಲ್ಲಿಂದ ಬಂತು ಎನ್ನುವುದಕ್ಕಿಂತ ಅದು ಯಾರ ಕೈಯಲ್ಲಿ ಏನಾಯಿತು ಎನ್ನುವುದು ಮುಖ್ಯ ಎಂದು ಸೆಮಿನಾರುಗಳಲ್ಲಿ ಹೇಳುವವರೂ ನಾವೇ.

ಸಾಹಿತ್ಯದವರದು ಇನ್ನೊಂದು ತಮಾಷೆ. ಕಾದಂಬರಿಯೊಂದರ ವಿಮರ್ಶೆ ತೆಗೆದು ನೋಡಿ: 'ಕಥನದ ಬಿಗಿಯಾದ ಹೆಣಿಗೆ' ಎಂಬ ಹೊಗಳಿಕೆ ಎಲ್ಲಾದರೂ ಸಿಗುತ್ತದೆ. ಬರೆದವರು ಯಾರೂ ಹೆಣೆದವರಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಬಿಗಿಯಾಗಿ ಹೆಣೆಯುವುದು ಕಲಿಯುವವರ ತಪ್ಪು. ದಾರವನ್ನು ಎಳೆದು ಬಿಗಿದರೆ ಮುಂದಿನ ಸಾಲಿಗೆ ಕಡ್ಡಿ ಒಳಗೆ ಹೋಗುವುದಿಲ್ಲ, ಸ್ವೆಟರ್ ಹಿಗ್ಗುವುದಿಲ್ಲ, ಮಗುವಿನ ತಲೆ ತೂರುವುದಿಲ್ಲ. ನೇಯ್ಗೆಗೆ ಹಾಸು ಬೇಕು, ಹೊಕ್ಕು ಬೇಕು, ಮಗ್ಗ ಬೇಕು. ಹೆಣಿಗೆಗೆ ಒಂದೇ ದಾರ, ಎರಡು ಕಡ್ಡಿ ಸಾಕು. ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆಯುತ್ತ ಹೋಗುವುದು, ಸೀದಾ ಮತ್ತು ಉಲ್ಟಾ ಎಂಬ ಎರಡೇ ಚಲನೆ. ಅದಕ್ಕೇ ಅದನ್ನು ಪೂರ್ತಿ ಬಿಚ್ಚಬಹುದು. ಅಣ್ಣನಿಗೆ ಗಿಡ್ಡವಾದ ಸ್ವೆಟರನ್ನು ಅಮ್ಮ ಬಿಚ್ಚಿ, ದಾರವನ್ನು ಲಡಿ ಮಾಡಿ ನೆನೆಸಿ, ಸುಕ್ಕು ಹೋಗುವಂತೆ ಒಣಗಿಸಿ ನನಗೆ ಹೆಣೆದಿದ್ದರು. ಕದಿರ ರೆಮ್ಮವ್ವೆ ನೂಲುವ ಕಾಯಕದ ಮಾತಿನಲ್ಲೇ ವಚನ ಬರೆದಳು ಎಂದು ನಾವು ತರಗತಿಯಲ್ಲಿ ಪಾಠ ಮಾಡುತ್ತೇವೆ, ಜೇಡರ ದಾಸಿಮಯ್ಯನ ಮಗ್ಗವನ್ನು ಕೊಂಡಾಡುತ್ತೇವೆ. ವಚನಕಾರರ ಕಾಲದ ಕೈ ಆದರೆ ಕಾಯಕ, ಇವತ್ತಿನ ಕೈ ಆದರೆ ಹವ್ಯಾಸ!

ಒಂದು ಪದಕ್ಕೆ ಇಷ್ಟೇಕೆ ರಗಳೆ ಎಂದು ನೀವು ಕೇಳಬಹುದು. ಪದದಿಂದ ಲೆಕ್ಕ ಹುಟ್ಟುತ್ತದೆ, ಅದಕ್ಕೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲಿ ಕಳೆಯುತ್ತಾರೆ, ಅದೇ ಕೆಲಸ ಮಾಡುವ ಗಂಡಸರು 88 ನಿಮಿಷ. ಈ ಸಮೀಕ್ಷೆ ಬಳಸುವ ವರ್ಗೀಕರಣದಲ್ಲಿ ಮನೆಯವರ ಬಳಕೆಗೆ ಬಟ್ಟೆ ತಯಾರಿಸುವುದು 'ಸ್ವಂತ ಬಳಕೆಗೆ ಸರಕು ಉತ್ಪಾದನೆ'ಯ ಗುಂಪಿಗೆ ಸೇರುತ್ತದೆ, ಹವ್ಯಾಸ 'ಬಿಡುವು, ಸಂಸ್ಕೃತಿ, ಕ್ರೀಡೆ'ಯ ಗುಂಪಿಗೆ. ಒಂದೇ ಸ್ವೆಟರ್ ಎರಡು ಕಡೆ ಸೇರಬಹುದು, ಯಾವ ಕಡೆ ಎನ್ನುವುದು ಹೆಂಗಸು ಅದನ್ನು ಏನೆಂದು ಹೇಳುತ್ತಾಳೆ, ಕೇಳುವವರು ಏನೆಂದು ಬರೆದುಕೊಳ್ಳುತ್ತಾರೆ ಎನ್ನುವುದರ ಮೇಲೆ ನಿಂತಿದೆ. ಇಡೀ ದಿನವನ್ನು ಅರ್ಧರ್ಧ ಗಂಟೆಗಳಾಗಿ ಕತ್ತರಿಸಿ, ಒಂದೊಂದರಲ್ಲೂ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಮಾಡಿದ್ದನ್ನು ಬರೆದುಕೊಳ್ಳುವ ಕ್ರಮ ಅದು. ಹಾಲು ಉಕ್ಕುವ ತನಕದ ನಾಲ್ಕು ನಿಮಿಷ ಅದರಲ್ಲಿ ಎಲ್ಲಿ ಕೂರುತ್ತದೆ? ಮಗುವಿನ ಒಂದು ಸ್ವೆಟರಿನ ಬೆನ್ನಿಗೆ ಅಮ್ಮ 64 ಕುಣಿಕೆ ಹಾಕಿ 90 ಸಾಲು ಹೆಣೆಯುತ್ತಾರೆ. ಬೆನ್ನೊಂದಕ್ಕೇ 5,760 ಕುಣಿಕೆ. ಯಾರಾದರೂ ಬಂದು ಕೇಳಿದರೆ ಅಮ್ಮ 'ಸುಮ್ನೆ ಕೂತಿದ್ದೆ' ಎನ್ನುತ್ತಾರೆ.

ಹವ್ಯಾಸ ಎಂಬ ಹೆಸರು ದುಡ್ಡಿನ ಬಳಿ ಬಂದಾಗ ಏನು ಮಾಡುತ್ತದೆ ಎಂದು ತಿಳಿಯಲು ಆಂಧ್ರದ ನರಸಾಪುರದ ಕಡೆ ನೋಡಬೇಕು. ಅಲ್ಲಿಗೂ ಲೇಸ್ ಹೆಣಿಗೆ ಬಂದದ್ದು ಮಿಷನರಿಗಳಿಂದಲೇ. ಅಲ್ಲಿನ ಲೇಸ್ ಹೆಣೆಯುವ ಹೆಂಗಸರ ಬಗ್ಗೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಸಾವಿರಾರು ಹೆಂಗಸರು ವಿದೇಶಿ ಮಾರುಕಟ್ಟೆಗೆ ದುಡಿಯುತ್ತಿದ್ದರೂ ಅವರು ಕಾರ್ಮಿಕರಲ್ಲ, ಬಿಡುವಿನಲ್ಲಿ ಕೈಕೆಲಸ ಮಾಡುವ ಗೃಹಿಣಿಯರು ಎಂಬ ನಂಬಿಕೆಯ ಮೇಲೆಯೇ ಆ ವ್ಯಾಪಾರ ನಿಂತಿತ್ತು ಎಂದು ಅವರು ತೋರಿಸಿದರು. ಬಿಡುವಿನ ಕೆಲಸಕ್ಕೆ ಕೂಲಿ ಕೇಳುವುದುಂಟೇ? ನಮ್ಮೂರಿನಲ್ಲಿ ವ್ಯಾಪಾರ ಅಷ್ಟು ದೊಡ್ಡದಲ್ಲ, ತರ್ಕ ಮಾತ್ರ ಅದೇ. ನಮ್ಮ ಬೀದಿಯ ಒಬ್ಬರು ಆರ್ಡರಿಗೆ ಸ್ವೆಟರ್ ಹೆಣೆದು ಕೊಡುತ್ತಾರೆ. ಉಲ್ಲನ್ನಿನ ದುಡ್ಡು ಬಿಟ್ಟು ಮುನ್ನೂರು ರೂಪಾಯಿ ಹೇಳಿದರೆ, 'ಹೇಗೂ ನಿಮಗೆ ಹವ್ಯಾಸ ಅಲ್ವಾ ಅಕ್ಕ' ಎಂದು ಇನ್ನೂರಕ್ಕೆ ಇಳಿಸುತ್ತಾರೆ. ಕೆಲಸಕ್ಕೆ ಹದಿನೈದು ದಿನ. ಅದೇ ಮಂದಿ ಆನ್‌ಲೈನಿನಲ್ಲಿ 'ಹ್ಯಾಂಡ್‌ಮೇಡ್' ಎಂದು ಬರೆದದ್ದಕ್ಕೆ ಚೌಕಾಶಿ ಮಾಡುವುದಿಲ್ಲ.

ಇಷ್ಟನ್ನೆಲ್ಲ ಒಂದು ರಾತ್ರಿ ಅಮ್ಮನಿಗೆ ಆವೇಶದಿಂದ ಹೇಳಿದೆ. ನೀನು ಮಾಡುವುದು ಹವ್ಯಾಸವಲ್ಲ, ದುಡಿಮೆ ಎಂದೆ. ಅಮ್ಮ ಕಡ್ಡಿ ಕೆಳಗಿಟ್ಟು, 'ಅದನ್ನೂ ಕೆಲಸ ಅಂತ ಮಾಡ್ಬೇಡ ಮಾರಾಯ್ತಿ. ಯಾರೂ ಹೇಳದೆ ಮಾಡದು ಅದೊಂದೇ' ಎಂದರು.

ನನ್ನ ವಾದಕ್ಕೆ ಬಿದ್ದ ಗಟ್ಟಿಯಾದ ಪೆಟ್ಟು ಇದು. ಇದನ್ನು ತಳ್ಳಿಹಾಕಿ ಮುಂದೆ ಹೋಗಲಾರೆ. ಅಮ್ಮ ಹೇಳುವ ಸಂತೋಷ ನಿಜ. ಆದರೆ 'ಹವ್ಯಾಸ' ಎಂಬ ಪದ ಆ ಸಂತೋಷವನ್ನೂ ಕಾಪಾಡಿಲ್ಲ. ಅಪ್ಪನಿಗೂ ಹವ್ಯಾಸ ಇದೆ: ತಾಳಮದ್ದಲೆ. ಅದಕ್ಕೆ ದಿನ ಗೊತ್ತಾಗಿರುತ್ತದೆ, ಮನೆಯಿಂದ ಹೊರಡುವ ಹೊತ್ತು ಇರುತ್ತದೆ, ರಾತ್ರಿಯಿಡೀ ಕೂತು ಬಂದರೆ ಬೆಳಿಗ್ಗೆ ಕಾಫಿ ಸಿದ್ಧ ಇರುತ್ತದೆ. ಅದರಿಂದ ಮನೆಗೆ ಒಂದು ಟೋಪಿಯಾದರೂ ಬರಬೇಕು ಎಂದು ಯಾರೂ ಕೇಳುವುದಿಲ್ಲ. ಅಮ್ಮನ ಹವ್ಯಾಸಕ್ಕೆ ಹೊತ್ತು ಎಂಬುದಿಲ್ಲ, ಎರಡು ಕೆಲಸಗಳ ನಡುವಿನ ಸಂದು ಮಾತ್ರ. ಯಾವ ಕುಣಿಕೆಯಲ್ಲಿ ಕರೆದರೂ ಎದ್ದು ಹೋಗಬಹುದು, ಅದಕ್ಕೇ ಹೆಣಿಗೆ ಅವರಿಗೆ ಒದಗಿತು. ಕೊನೆಗೆ ಆ ಸಂದಿನಿಂದಲೂ ಮನೆಯವರಿಗೆ ಉಪಯೋಗಕ್ಕೆ ಬರುವ ವಸ್ತುವೇ ಹುಟ್ಟಬೇಕು. ಹೀಗೆ ಈ ಪದ ಎರಡೂ ಕಡೆ ಕಳ್ಳಲೆಕ್ಕ ಬರೆಯುತ್ತದೆ: ದುಡಿಮೆ ಎಂದು ಒಪ್ಪಿ ಕೂಲಿ ಕೊಡುವುದಿಲ್ಲ, ಬಿಡುವು ಎಂದು ಒಪ್ಪಿ ಹೊತ್ತು ಕೊಡುವುದಿಲ್ಲ.

'ಕೂಸು ಹುಟ್ಟುವ ಮುಂಚೆ ಕುಲಾವಿ' ಎಂದು ಆತುರಗಾರರನ್ನು ಹಂಗಿಸುವ ಗಾದೆ ನಮ್ಮಲ್ಲಿದೆ. ಕುಲಾವಿ ತಯಾರಾಗುವುದಕ್ಕೆ ದಿನ ಹಿಡಿಯುತ್ತದೆ ಎಂದು ಗೊತ್ತಿಲ್ಲದವರು ಕಟ್ಟಿದ ಗಾದೆ ಇರಬೇಕು. ದೊಡ್ಡಮ್ಮ ಏಳನೇ ತಿಂಗಳಿಗೇ ಶುರುಮಾಡಿದ್ದರು. ಆಷಾಢದ ಜಡಿಮಳೆಯಲ್ಲಿ ಹುಟ್ಟುವ ಮಗು ಹುಟ್ಟಿದ ಮೇಲೆ ಹೆಣೆಯುತ್ತ ಕೂತರೆ ಆಗುತ್ತದೆಯೇ?

ಹೆಣಿಗೆಗೆ ಜಿಐ ಗುರುತು ಕೊಡಿ, ಅಕಾಡೆಮಿ ಪ್ರಶಸ್ತಿ ಕೊಡಿ, ಮ್ಯೂಸಿಯಮ್ಮಿನಲ್ಲಿ ಇಡಿ ಎಂದು ನಾನು ಕೇಳುತ್ತಿಲ್ಲ. ಗೋಡೆಯಿಂದ ಚೌಕಟ್ಟಿಗೆ ಹೋದ ಚಿತ್ತಾರದ ಕಥೆ ನೋಡಿದ್ದೇವೆ. ನನ್ನ ಹಾಗೆ ಕ್ಷೇತ್ರಕಾರ್ಯಕ್ಕೆ ಹೊರಟವರಲ್ಲಿ ಕೇಳುವುದು ಇಷ್ಟೆ. ಪ್ರಶ್ನಾವಳಿಯಿಂದ 'ಹವ್ಯಾಸ' ಕಾಲಂ ತೆಗೆಯಿರಿ. ಅದರ ಬದಲು 'ನಿನ್ನೆ ಬೆಳಿಗ್ಗೆಯಿಂದ ನಿಮ್ಮ ಕೈಯಲ್ಲಿ ಏನೇನಿತ್ತು, ಅದು ಯಾರಿಗಾಗಿ, ನಡುವೆ ಎಷ್ಟು ಸಲ ಎದ್ದಿರಿ' ಎಂದು ಕೇಳಿ. ಉತ್ತರ ಬರೆದುಕೊಳ್ಳಲು ಜಾಗ ಸಾಲುವುದಿಲ್ಲ, ಹಾಳೆ ಹೆಚ್ಚು ಇಟ್ಟುಕೊಳ್ಳಿ.

ನಾನು ಪ್ರಶ್ನಾವಳಿ ಬದಲಿಸಿದ್ದೇನೆ. ದೊಡ್ಡಮ್ಮನ ಮನೆಗೆ ಮತ್ತೆ ಹೋಗಿ, ಈ ಸಲ ಕಡ್ಡಿ ಹಿಡಿದ ಕೈಯ ಫೋಟೋ ತೆಗೆದುಕೊಂಡು ಬಂದೆ. ಎರಡು ಪುಟ ಈಗ ಹನ್ನೊಂದಾಗಿದೆ. ಮುಂದಿನ ವಾರ ಅಧ್ಯಾಯವನ್ನು ಮತ್ತೆ ಒಪ್ಪಿಸುತ್ತಿದ್ದೇನೆ. ಕೆಂಪು ಪೆನ್ನು ಮತ್ತೆ ಬಂದರೆ ಈ ಸಲ ತಕರಾರು ಮಾಡುವುದೆಂದು ನಿಶ್ಚಯಿಸಿದ್ದೇನೆ.