'ಲೈಸೆನ್ಸ್ ಇರುವ' ಬೆಟ್ಟಿಂಗ್ ಆ್ಯಪ್ ಭಾರತದಲ್ಲಿ ಕಾನೂನುಬದ್ಧವೇ?

'ಇದು ಸರ್ಕಾರದ ಲೈಸೆನ್ಸ್ ಇರುವ ಬೆಟ್ಟಿಂಗ್ ಆ್ಯಪ್, ಧೈರ್ಯವಾಗಿ ಆಡಿ' ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಲೈಸೆನ್ಸ್ ಸುಳ್ಳೇ ಆಗಿರಬೇಕೆಂದಿಲ್ಲ. ನಾವು ಕೇಳಬೇಕಾದ್ದು, ಯಾವ ಸರ್ಕಾರದ್ದು ಎಂದು.

ಇಂಥ ಕಡೆ ಹೆಚ್ಚಾಗಿ ಕಾಣುವ ಹೆಸರು ಕ್ಯುರಸಾವ್. ವೆನೆಜುವೆಲಾ ಕರಾವಳಿಯಾಚೆ ಇರುವ, ನೆದರ್ಲೆಂಡ್ಸ್ ಸಾಮ್ರಾಜ್ಯಕ್ಕೆ ಸೇರಿದ ಪುಟ್ಟ ಕೆರಿಬಿಯನ್ ದ್ವೀಪ ಅದು. ಅಲ್ಲಿ ಬಹುಕಾಲ ಬೆರಳೆಣಿಕೆಯ ಖಾಸಗಿ ಕಂಪನಿಗಳೇ 'ಮಾಸ್ಟರ್ ಲೈಸೆನ್ಸ್' ಇಟ್ಟುಕೊಂಡು ಉಳಿದವರಿಗೆ ಉಪ ಲೈಸೆನ್ಸ್ ಹಂಚುತ್ತಿದ್ದವು. ಮನೆಯನ್ನು ಒಳಬಾಡಿಗೆಗೆ ಕೊಟ್ಟಂತೆ! 2024ರ ಡಿಸೆಂಬರ್‌ನಲ್ಲಿ ಹೊಸ ಕಾನೂನು ಜಾರಿಯಾದ ಮೇಲೆ ಅಲ್ಲಿನ ಪ್ರಾಧಿಕಾರವೇ ನೇರವಾಗಿ ಲೈಸೆನ್ಸ್ ಕೊಡುತ್ತಿದೆ.

ಆದರೂ ಒಂದು ದೇಶದ ಅನುಮತಿ ಇನ್ನೊಂದರಲ್ಲಿ ತಾನಾಗಿಯೇ ನಡೆಯುವುದಿಲ್ಲ. ಬ್ರಿಟನ್ 2014ರಲ್ಲೇ ಇದನ್ನು ಬಿಗಿಗೊಳಿಸಿತು: ಕಂಪನಿ ಎಲ್ಲೇ ಇರಲಿ, ಅಲ್ಲಿನ ಗ್ರಾಹಕರಿಂದ ಆಡಿಸಲು ಗ್ಯಾಂಬ್ಲಿಂಗ್ ಕಮಿಷನ್‌ನ ಲೈಸೆನ್ಸ್ ಬೇಕೇ ಬೇಕು. ಭಾರತದಲ್ಲಂತೂ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುತ್ತದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ, ನಿಜ. ಆದರೆ ಜಾಹೀರಾತು ಮಾಡಿದವರಿಗೆ, ಅದಕ್ಕೆ ನೆರವಾದವರಿಗೆ 2 ವರ್ಷದವರೆಗೆ ಜೈಲು ಇದೆ. ರೆಫರಲ್ ಬೋನಸ್ ಆಸೆಗೆ ಲಿಂಕನ್ನು ಫ್ಯಾಮಿಲಿ ಗ್ರೂಪಿಗೆ ಹಾಕುವವರು ಈ ಸಾಲನ್ನು ಇನ್ನೊಮ್ಮೆ ಓದಲಿ.