ಎರಡು ನುಡಿಯ ಶಾಲೆ, ಮೂರನೆಯ ನುಡಿಯ ಮನೆ

ಉದ್ಯೋಗನಿಮಿತ್ತವಾಗಿ ಪರದೇಶಕ್ಕೆ ಹೊರಟು ನಿಂತ ಸಂಸಾರಕ್ಕೆ ಇರಲು ಮನೆ ದೊರೆಯುವುದು ಅಷ್ಟೇನೂ ಕಷ್ಟವಲ್ಲ. ಅಕ್ಕಿ ಬೇಳೆಗಳೂ, ಕೊನೆಗೆ ಸಾರಿನ ಪುಡಿಯೂ ಇಂದು ಅನೇಕ ದೊಡ್ಡ ನಗರಗಳಲ್ಲಿ ಸಿಗುತ್ತವೆ. ಕಷ್ಟವಿರುವುದು ಮಕ್ಕಳ ಶಾಲೆಯ ವಿಷಯದಲ್ಲಿ. ಮೂರು ವರ್ಷ ಒಂದು ದೇಶ, ನಾಲ್ಕು ವರ್ಷ ಇನ್ನೊಂದು ದೇಶ ಎಂದು ವರ್ಗವಾಗುತ್ತ ಹೋಗುವ ತಂದೆತಾಯಿಗಳ ಬೆನ್ನಿಗೆ ಸಾಗುವ ಮಗು ಯಾವ ಭಾಷೆಯಲ್ಲಿ ಓದಬೇಕು? ಯಾವ ನಾಡಿನ ಚರಿತ್ರೆಯನ್ನು ತನ್ನದೆಂದು ಕಲಿಯಬೇಕು? ಓದಿನ ನಡುವೆ ಊರು ಬಿಡಬೇಕಾಗಿ ಬಂದರೆ ಅದರ ವಿದ್ಯೆಯ ಗತಿಯೇನು?

ಈ ಪ್ರಶ್ನೆಗಳಿಗೆ ಉತ್ತರವಾಗಿ ಹುಟ್ಟಿದುದೇ ಅಂತರರಾಷ್ಟ್ರೀಯ ಶಾಲೆ. ಇಂದು ಬೆಂಗಳೂರಿನ ಹೊರವಲಯದಲ್ಲಿಯೂ ಈ ಹೆಸರಿನ ಫಲಕಗಳು ಹೇರಳವಾಗಿ ಕಾಣಸಿಗುತ್ತವೆ. ಆದರೆ ಆ ಹೆಸರಿಗೆ ಅರ್ಥ ಬಂದುದು ಹೇಗೆ ಎಂಬುದನ್ನು ತಿಳಿಯಬೇಕಾದರೆ 1924ರ ಜಿನೀವಾ ನಗರಕ್ಕೆ ಹೋಗಬೇಕು.

ಸರೋವರದ ತೀರದಲ್ಲಿ

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಲೀಗ್ ಆಫ್ ನೇಷನ್ಸ್ ಎಂಬ ರಾಷ್ಟ್ರಸಂಘವೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 1920ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ನೆಲೆಸಿದುವು. ನಾನಾ ದೇಶಗಳ ಅಧಿಕಾರಿಗಳು ಸಂಸಾರಸಮೇತರಾಗಿ ಅಲ್ಲಿಗೆ ಬಂದು ಸೇರಿದರು. ನಿನ್ನೆಯವರೆಗೆ ಪರಸ್ಪರ ಕಾದಾಡಿದ ರಾಷ್ಟ್ರಗಳ ಪ್ರತಿನಿಧಿಗಳು ಒಂದೇ ಸಭಾಂಗಣದಲ್ಲಿ ಕುಳಿತು ಶಾಂತಿಯ ಮಾತನ್ನಾಡತೊಡಗಿದರು. ಆ ಮಾತುಕತೆ ಮುಖ್ಯವಾಗಿ ನಡೆಯುತ್ತಿದ್ದುದು ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳಲ್ಲಿ.

ತಂದೆಯರು ಕೂಡಿ ಕೆಲಸ ಮಾಡಬಹುದಾದರೆ ಮಕ್ಕಳು ಕೂಡಿ ಏಕೆ ಓದಬಾರದು? ಈ ಯೋಚನೆ ಬಂದವರಲ್ಲಿ ರಾಷ್ಟ್ರಸಂಘದ ವಾರ್ತಾ ವಿಭಾಗದಲ್ಲಿದ್ದ ಅಮೆರಿಕದ ಆರ್ಥರ್ ಸ್ವೀಟ್ಸರ್ ಒಬ್ಬರು. ಮುಂದೆ ಯೂನಿಸೆಫ್ ಸಂಸ್ಥೆಯ ಹುಟ್ಟಿಗೆ ಕಾರಣರಾದ ಪೋಲೆಂಡಿನ ವೈದ್ಯ ಲುದ್ವಿಕ್ ರೈಖ್‌ಮನ್ ಇನ್ನೊಬ್ಬರು. ಇವರಿಗೆ ಶಾಸ್ತ್ರದ ಬೆಂಬಲ ಕೊಟ್ಟವರು ಸ್ವಿಸ್ ಶಿಕ್ಷಣತಜ್ಞ ಅಡಾಲ್ಫ್ ಫೆರಿಯೇರ್. ಅವರು ಯೌವನದಲ್ಲಿಯೇ ಶ್ರವಣಶಕ್ತಿಯನ್ನು ಕಳೆದುಕೊಂಡವರು. ಮಕ್ಕಳ ಎರಡು ಭಾಷೆಗಳ ಕಲರವವನ್ನು ತಾವು ಕೇಳಲಾರದ ಆ ಮಹನೀಯರೇ ಅದಕ್ಕೆ ಎಡೆ ಮಾಡಿಕೊಟ್ಟರು. ಅವರು ಒದಗಿಸಿದ ಮನೆಯಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಜಿನೀವಾದ ಅಂತರರಾಷ್ಟ್ರೀಯ ಶಾಲೆ 1924ರಲ್ಲಿ ಆರಂಭವಾಯಿತು. ಅದು ಸರ್ಕಾರದ ಶಾಲೆಯಲ್ಲ. ತಂದೆತಾಯಿಗಳೂ ಅಧ್ಯಾಪಕರೂ ಕೂಡಿ ಕಟ್ಟಿದ ಖಾಸಗಿ ಸಂಸ್ಥೆ. 1929ರಲ್ಲಿ ಅದು ಲಾ ಗ್ರಾಂದ್ ಬ್ವಾಸಿಯೇರ್ ಎಂಬ ವಿಶಾಲವಾದ ತೋಟದ ಆವರಣಕ್ಕೆ ಬಂದಿತು. ಇಂದಿಗೂ ಅದರ ಮುಖ್ಯ ನೆಲೆ ಅದೇ.

ಭಾರತಕ್ಕೂ ಈ ಶಾಲೆಗೂ ಒಂದು ಹಳೆಯ ನಂಟಿದೆ. 1926ರಲ್ಲಿ ಪತ್ನಿ ಕಮಲಾ ಅವರ ಚಿಕಿತ್ಸೆಗಾಗಿ ಜವಾಹರಲಾಲ್ ನೆಹರೂ ಅವರು ಜಿನೀವಾಕ್ಕೆ ಹೋದಾಗ, ಎಂಟು ವರ್ಷದ ಮಗಳು ಇಂದಿರೆಯನ್ನು ಸೇರಿಸಿದುದು ಇಲ್ಲಿಗೇ. ಮುಂದೆ ಪ್ರಧಾನಿಯಾದ ಮೇಲೆ ವಿದೇಶೀಯರೊಡನೆ ಆಕೆ ನಿರರ್ಗಳವಾಗಿ ಆಡುತ್ತಿದ್ದ ಫ್ರೆಂಚಿಗೆ ತಳಪಾಯ ಬಿದ್ದುದು ಆ ಬಾಲ್ಯದಲ್ಲಿ.

ಭೂಗೋಳದಿಂದ ಆರಂಭ

ಶಾಲೆಗೆ ಕಟ್ಟಡ ಬಂದಿತು, ಮಕ್ಕಳು ಬಂದರು, ಆದರೆ ಕಲಿಸಬೇಕಾದುದೇನು? ಒಂದೇ ಯುದ್ಧ ಒಂದು ದೇಶದ ಪಠ್ಯಪುಸ್ತಕದಲ್ಲಿ ವಿಜಯ, ಇನ್ನೊಂದರಲ್ಲಿ ಅನ್ಯಾಯ. ಎರಡೂ ದೇಶಗಳ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತಿರುವಾಗ ಅಧ್ಯಾಪಕ ಯಾವ ಪುಸ್ತಕವನ್ನು ತೆರೆಯಬೇಕು?

ಈ ಪ್ರಶ್ನೆಯನ್ನು ಬಿಡಿಸಲು ಶ್ರಮಿಸಿದವರು 1929ರಿಂದ 1949ರವರೆಗೆ ಶಾಲೆಯನ್ನು ನಡೆಸಿದ ಫ್ರೆಂಚ್ ಮಹಿಳೆ ಮರೀ ತೆರೇಸ್ ಮೊರೆಟ್. ಆಕೆಯ ತಂದೆ ಪಾಲ್ ಡುಪ್ವೀ ಪ್ಯಾರಿಸಿನ ಪ್ರಸಿದ್ಧ ವಿದ್ಯಾಸಂಸ್ಥೆಯೊಂದರಿಂದ ನಿವೃತ್ತರಾದವರು. ಎಳೆಯ ವಯಸ್ಸಿನಲ್ಲಿಯೇ ಮಡಿದ ಗಣಿತಪ್ರತಿಭೆ ಗಾಲ್ವಾನ ಜೀವನಚರಿತ್ರೆಯನ್ನು ಬರೆದು ಹೆಸರಾದವರು. ಅಂತಹ ವಿದ್ವಾಂಸರು ಇಳಿವಯಸ್ಸಿನಲ್ಲಿ ಮಗಳ ಶಾಲೆಗೆ ಬಂದು ಹುಡುಗರಿಗೆ ಭೂಗೋಳ ಹೇಳಿಕೊಟ್ಟರು. ಸಾಮಾನ್ಯವಾಗಿ ಭೂಗೋಳದ ಪಾಠ ಸ್ವಂತ ಊರು, ಜಿಲ್ಲೆ, ದೇಶ ಎಂದು ಹಿಗ್ಗುತ್ತ ಹೋಗುವುದು ವಾಡಿಕೆ. ಇಲ್ಲಿ ಅದಕ್ಕೆ ವಿಪರೀತ ಕ್ರಮ: ಮೊದಲು ಇಡೀ ಭೂಗೋಳ, ಅನಂತರ ಖಂಡಗಳು, ಕೊನೆಗೆ ದೇಶಗಳು. ಗೋಳದ ಮೇಲೆ ಯಾವ ದೇಶವೂ ನಡುವಿನಲ್ಲಿಲ್ಲ, ಯಾವುದೂ ಅಂಚಿನಲ್ಲಿಲ್ಲ ಎಂಬ ಅರಿವು ಎಳವೆಯಲ್ಲಿಯೇ ಮೂಡಲಿ ಎಂಬುದು ಇದರ ಉದ್ದೇಶ. ಚರಿತ್ರೆಯಲ್ಲಿಯೂ ಒಂದೇ ರಾಷ್ಟ್ರದ ಕಥೆಯ ಬದಲು ನಾನಾ ನಾಗರಿಕತೆಗಳನ್ನು ಅಕ್ಕಪಕ್ಕದಲ್ಲಿರಿಸಿ ಕಲಿಸುವ ಪದ್ಧತಿ ಬಂದಿತು. ಇಂಗ್ಲಿಷ್ ಬಲ್ಲ ಮಗು ಫ್ರೆಂಚನ್ನೂ, ಫ್ರೆಂಚ್ ಬಲ್ಲ ಮಗು ಇಂಗ್ಲಿಷನ್ನೂ ಕಲಿಯಬೇಕೆಂಬುದು ಕಟ್ಟಳೆಯಾಯಿತು. ತಮ್ಮ ಈ ಅನುಭವವನ್ನು ಮೊರೆಟ್ ಅವರು 1948ರಲ್ಲಿ ಯುನೆಸ್ಕೋ ಸಂಸ್ಥೆಗಾಗಿ ಬರೆದ ಪ್ರಬಂಧವೊಂದರಲ್ಲಿ ನಿರೂಪಿಸಿದರು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದು ಹೋಗಿತ್ತು. ಶಾಂತಿಗಾಗಿ ಹುಟ್ಟಿದ ರಾಷ್ಟ್ರಸಂಘ ಸೋತು ಅಳಿಯಿತು. ಅದರ ಆಶ್ರಯದಲ್ಲಿ ಹುಟ್ಟಿದ ಶಾಲೆ ಮಾತ್ರ, ಮಕ್ಕಳ ಸಂಖ್ಯೆ ಕುಗ್ಗಿದರೂ, ಬಾಗಿಲು ಮುಚ್ಚದೆ ಉಳಿಯಿತು. ದೊಡ್ಡವರ ಸಭೆ ಮುರಿದ ಮೇಲೂ ಮಕ್ಕಳ ಸಭೆ ನಡೆಯಿತೆಂಬುದು ನೆನೆಯತಕ್ಕ ವಿಷಯ.

ಎಲ್ಲೆಡೆ ಸಲ್ಲುವ ಪರೀಕ್ಷೆ

ಇನ್ನೊಂದು ತೊಡಕು ಉಳಿದಿತ್ತು. ಶಾಲೆ ಒಂದೇ ಆದರೂ ಪರೀಕ್ಷೆಗಳು ಬೇರೆ ಬೇರೆ. ಲಂಡನ್ನಿಗೆ ಹೋಗುವವನು ಒಂದು ಪರೀಕ್ಷೆಗೆ, ಪ್ಯಾರಿಸಿಗೆ ಹೋಗುವವನು ಮತ್ತೊಂದಕ್ಕೆ, ಅಮೆರಿಕಕ್ಕೆ ಹೋಗುವವಳು ಮೂರನೆಯದಕ್ಕೆ ಸಿದ್ಧರಾಗಬೇಕಾಗಿತ್ತು. ಕೂಡಿ ಆಡಿದ ಮಕ್ಕಳು ಕಡೆಯ ಎರಡು ವರ್ಷ ಬೇರೆ ಬೇರೆ ಕೊಠಡಿಗಳಿಗೆ ಹಂಚಿಹೋಗುತ್ತಿದ್ದರು. ಈ ತೊಡಕನ್ನು ನಿವಾರಿಸಲು ಅಲ್ಲಿಯ ಅಧ್ಯಾಪಕರು 1962ರಿಂದ ಮೊದಲು ಮಾಡಿದ ಪ್ರಯತ್ನವೇ 1968ರಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಎಂಬ ಸಂಸ್ಥೆಯಾಗಿ ರೂಪುಗೊಂಡಿತು. ಇಂದು ಐ.ಬಿ. ಎಂಬ ಎರಡಕ್ಷರದಿಂದ ಪೋಷಕರಿಗೆ ಪರಿಚಿತವಾಗಿರುವ ಪರೀಕ್ಷೆ ಇದೇ. ಭಾರತದಲ್ಲಿ ಇದನ್ನು ಮೊದಲು ಕೈಗೊಂಡದ್ದು ಕೊಡೈಕನಾಲಿನ ಶಾಲೆ, 1976ರಲ್ಲಿ. ಅದೂ 1901ರಲ್ಲಿ ವಿದೇಶೀ ಪಾದ್ರಿಗಳ ಮಕ್ಕಳಿಗಾಗಿ ಆರಂಭವಾದ ಶಾಲೆ.

ಜಿನೀವಾದ ಶಾಲೆಯಲ್ಲಿ ಈಗ ಮೂರು ಆವರಣಗಳಿವೆ. ಮೂರು ವರ್ಷದ ಹಸುಳೆಯಿಂದ ಹದಿನೆಂಟರ ತರುಣರವರೆಗೆ ನಾಲ್ಕು ಸಾವಿರಕ್ಕೂ ಮೀರಿದ ಮಕ್ಕಳು ಓದುತ್ತಾರೆ. ಅದು ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ. ಆದರೂ ಮೇಲಿನ ತರಗತಿಗಳ ವಾರ್ಷಿಕ ಶುಲ್ಕ ಮೂವತ್ತು ಸಾವಿರ ಸ್ವಿಸ್ ಫ್ರಾಂಕುಗಳನ್ನು ಮೀರುತ್ತದೆ. ವಿಶ್ವಭ್ರಾತೃತ್ವವೂ ದುಬಾರಿಯ ಪದಾರ್ಥವೆಂದು ಯಾರಾದರೂ ನಿಟ್ಟುಸಿರಿಟ್ಟರೆ ತಪ್ಪೆನ್ನುವಂತಿಲ್ಲ.

ಲಾಭದ ದ್ವಿಭಾಷೆ, ನಷ್ಟದ ದ್ವಿಭಾಷೆ

ಎರಡು ಮಾಧ್ಯಮಗಳ ಶಾಲೆಗಳಲ್ಲಿ ಕೆಲವು ಪದ್ಧತಿಗಳು ರೂಢಿಯಲ್ಲಿವೆ. ಕೆಲವೆಡೆ ಬೆಳಗಿನ ಪಾಠ ಒಂದು ಭಾಷೆಯಲ್ಲಿ, ಮಧ್ಯಾಹ್ನದ ಪಾಠ ಮತ್ತೊಂದರಲ್ಲಿ. ಕೆಲವೆಡೆ ಒಬ್ಬೊಬ್ಬ ಅಧ್ಯಾಪಕರಿಗೆ ಒಂದೊಂದು ಭಾಷೆ. ಅವರೊಡನೆ ಆ ಭಾಷೆಯಲ್ಲಿಯೇ ಮಾತು. ಮತ್ತೆ ಕೆಲವೆಡೆ ಗಣಿತ ಒಂದರಲ್ಲಿ, ಚರಿತ್ರೆ ಇನ್ನೊಂದರಲ್ಲಿ. ಯಾವ ಪದ್ಧತಿಯಾದರೂ ಸರಿಯೆ, ಮಗು ಎರಡನೆಯ ಭಾಷೆಯನ್ನು ಪಾಠವೆಂದು ಬಾಯಿಪಾಠ ಮಾಡುವುದಿಲ್ಲ, ಅದರಲ್ಲಿ ಬದುಕುತ್ತದೆ.

ಇದರ ಫಲವನ್ನು ಕುರಿತು ಕೆನಡಾ ದೇಶದಲ್ಲಿ ನಡೆದ ಪ್ರಯೋಗ ಪ್ರಸಿದ್ಧವಾದುದು. 1965ರಲ್ಲಿ ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್ ಎಂಬಲ್ಲಿ, ಇಂಗ್ಲಿಷ್ ಮನೆಮಾತಿನ ತಂದೆತಾಯಿಗಳ ಒತ್ತಾಯದಿಂದ, ಅವರ ಮಕ್ಕಳಿಗೆ ಶಿಶುವಿಹಾರದಿಂದಲೇ ಫ್ರೆಂಚಿನಲ್ಲಿ ಪಾಠ ಮೊದಲಾಯಿತು. ವರ್ಷಗಳು ಕಳೆದಂತೆ ಮಕ್ಕಳು ಫ್ರೆಂಚನ್ನು ಚೆನ್ನಾಗಿ ಕಲಿತರು. ಅವರ ಇಂಗ್ಲಿಷಿಗೆ ಕುಂದು ಬರಲಿಲ್ಲ. ಇದನ್ನು ಪರಿಶೀಲಿಸಿದ ಮನಶ್ಶಾಸ್ತ್ರಜ್ಞ ವಾಲೆಸ್ ಲ್ಯಾಂಬರ್ಟ್ ಅವರು ಮುಂದೆ ಒಂದು ಮುಖ್ಯ ಭೇದವನ್ನು ತೋರಿಸಿಕೊಟ್ಟರು. ಮನೆಯಲ್ಲಿ, ಬೀದಿಯಲ್ಲಿ, ಪತ್ರಿಕೆಯಲ್ಲಿ ಗೌರವದಿಂದಿರುವ ಭಾಷೆಯ ಮಗುವಿಗೆ ಎರಡನೆಯ ಭಾಷೆ ಕೂಡುವ ಲೆಕ್ಕ. ತನ್ನ ಮನೆಮಾತಿಗೆ ಹೊರಗೆ ಬೆಲೆಯಿಲ್ಲವೆಂದು ಕಂಡುಕೊಂಡ ಮಗುವಿಗೆ ಅದೇ ಎರಡನೆಯ ಭಾಷೆ ಕಳೆಯುವ ಲೆಕ್ಕ; ಹೊಸದು ಬಂದಂತೆ ಹಳೆಯದು ಸವೆಯುತ್ತದೆ.

ಕೆನಡಾದವರೇ ಆದ ಜಿಮ್ ಕಮ್ಮಿನ್ಸ್ ಎಂಬ ವಿದ್ವಾಂಸರು ಇನ್ನೊಂದು ಎಚ್ಚರಿಕೆ ಕೊಟ್ಟಿದ್ದಾರೆ. ಆಟದ ಮೈದಾನದಲ್ಲಿ ಬೇಕಾದಷ್ಟು ಹೊಸ ಭಾಷೆಯನ್ನು ಮಗು ಸುಮಾರು ಎರಡು ವರ್ಷಗಳಲ್ಲಿ ಕಲಿಯುತ್ತದೆ. ಆದರೆ ವಿಜ್ಞಾನದ ಪಾಠವನ್ನು ಓದಿ, ವಿಚಾರ ಮಾಡಿ, ಸ್ವಂತವಾಗಿ ಬರೆಯುವಷ್ಟು ಭಾಷೆ ಬರಬೇಕಾದರೆ ಐದರಿಂದ ಏಳು ವರ್ಷಗಳು ಬೇಕು. ಈ ಅಂತರವನ್ನು ತಿಳಿಯದ ಪೋಷಕರು, ಮಗು ಚಟಪಟನೆ ಮಾತನಾಡುವುದನ್ನು ಕೇಳಿ ಭಾಷೆ ಬಂದಿತೆಂದು ಹಿಗ್ಗುತ್ತಾರೆ. ಪರೀಕ್ಷೆಯಲ್ಲಿ ಅಂಕ ಕುಗ್ಗಿದಾಗ ಮಗು ದಡ್ಡನೆಂದು ಕುಗ್ಗುತ್ತಾರೆ. ಎರಡೂ ತಪ್ಪು ತೀರ್ಮಾನಗಳೇ.

ಮನೆಯ ನುಡಿಯ ಪಾಡು

ಎರಡು ನುಡಿಯ ಶಾಲೆಗೆ ಹೋಗುವ ಮಗುವಿನ ಮನೆಯಲ್ಲಿ ಆ ಎರಡೂ ಅಲ್ಲದ ನುಡಿ ಇರಬಹುದು. ಜಿನೀವಾದಲ್ಲಿರುವ ಕನ್ನಡಿಗರ ಮಗುವಿಗೆ ಇಂಗ್ಲಿಷ್ ತರಗತಿಯ ಭಾಷೆ, ಫ್ರೆಂಚ್ ಊರಿನ ಭಾಷೆ. ಕನ್ನಡ ಊಟದ ಮೇಜಿನ ಭಾಷೆ ಮಾತ್ರ. ಅಮ್ಮ ಕನ್ನಡದಲ್ಲಿ ಕೇಳುತ್ತಾರೆ, ಮಗು ಇಂಗ್ಲಿಷಿನಲ್ಲಿ ಉತ್ತರಿಸುತ್ತದೆ. ಬೇಸಗೆಯ ರಜಕ್ಕೆ ಮೈಸೂರಿಗೆ ಬಂದಾಗ ಅಜ್ಜಿಯ ಕಥೆಗೆ ಮಗುವಿನಲ್ಲಿ ಕಿವಿಯುಂಟು, ಪ್ರಶ್ನೆ ಕೇಳಲು ಬಾಯಿಲ್ಲ. ಇಂತಹ ಮಕ್ಕಳಿಗೆ ಐ.ಬಿ. ಪದ್ಧತಿಯಲ್ಲಿ ಒಂದು ಕಿಟಕಿಯನ್ನು ತೆರೆದಿರಿಸಿದ್ದಾರೆ: ಶಾಲೆಯಲ್ಲಿ ಅಧ್ಯಾಪಕರಿಲ್ಲದ ತಾಯ್ನುಡಿಯ ಸಾಹಿತ್ಯವನ್ನು ವಿದ್ಯಾರ್ಥಿ ಶಾಲೆಯ ಮೇಲ್ವಿಚಾರಣೆಯಲ್ಲಿ ಸ್ವಂತವಾಗಿ ಓದಿ ಪರೀಕ್ಷೆ ಕೊಡುವ ಏರ್ಪಾಡು ಅದರಲ್ಲಿದೆ. ಆದರೆ ಹದಿನಾರರ ವಯಸ್ಸಿನಲ್ಲಿ ಆ ಕಿಟಕಿಯ ಬಳಿಗೆ ಬರಬೇಕಾದರೆ ಆರರ ವಯಸ್ಸಿನಲ್ಲಿ ಅಕ್ಷರ ಕಲಿತಿರಬೇಕು. ಅದನ್ನು ಕಲಿಸಬೇಕಾದವರು ಮನೆಯವರೇ.

ಈ ಪಾಡು ಜಿನೀವಾಕ್ಕೆ ಮಾತ್ರ ಸೀಮಿತವಲ್ಲ. ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷೆಯ ಮಾಧ್ಯಮವನ್ನೇ ಸರ್ಕಾರ ಬಲವಂತ ಮಾಡುವಂತಿಲ್ಲವೆಂದೂ, ಆಯ್ಕೆ ಮಗುವಿನ ಪರವಾಗಿ ತಂದೆತಾಯಿಗಳದೆಂದೂ ಕರ್ನಾಟಕದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. ಮರುವರ್ಷ ರಾಜ್ಯ ಶಾಸನಸಭೆ, ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿಯಾದರೂ ಕಲಿಸಬೇಕೆಂದು ಕಾಯಿದೆ ಮಾಡಿತು. ತೀರ್ಪು ತಂದೆತಾಯಿಗಳಿಗೆ ಸ್ವಾತಂತ್ರ್ಯವನ್ನು ಕೊಟ್ಟಿತು. ಸ್ವಾತಂತ್ರ್ಯದ ಜೊತೆಗೆ ಬರುವ ಹೊಣೆಯನ್ನು ಯಾವ ನ್ಯಾಯಾಲಯವೂ ಹೊರಲಾರದು.

ಆದುದರಿಂದ ಅಂತರರಾಷ್ಟ್ರೀಯವೆಂಬ ಫಲಕವನ್ನು ಕಂಡು ಒಳಗೆ ಹೋಗುವ ತಂದೆತಾಯಿಗಳು ಈಜುಕೊಳವನ್ನೂ ಬಸ್ಸನ್ನೂ ನೋಡುವುದಕ್ಕೆ ಮೊದಲು ನಾಲ್ಕು ಮಾತು ಕೇಳಬೇಕು. ಎರಡನೆಯ ಭಾಷೆಯಲ್ಲಿ ವಾರಕ್ಕೆ ಎಷ್ಟು ಗಂಟೆಗಳ ಪಾಠ, ಯಾವ ವಿಷಯಗಳು? ಆ ಭಾಷೆಯ ಅಧ್ಯಾಪಕರು ಅದರಲ್ಲಿ ಪಳಗಿದವರೇ? ಮಗು ಅಂಗಳದಲ್ಲಿ ಕನ್ನಡವಾಡಿದರೆ ದಂಡ ವಿಧಿಸುವರೇ, ಮೆಚ್ಚುವರೇ? ಚರಿತ್ರೆಯ ಪಾಠದಲ್ಲಿ ಅನ್ಯದೇಶಗಳ ಜೊತೆಗೆ ಈ ನಾಡಿಗೂ ಸ್ಥಾನವುಂಟೇ? ಒಂದೇ ದೇಶದ ಮಕ್ಕಳು, ಒಂದೇ ಭಾಷೆಯ ಪಾಠ, ಪರದೇಶದ ಪರೀಕ್ಷೆ ಇಷ್ಟೇ ಆದರೆ ಅದು ದುಬಾರಿ ಇಂಗ್ಲಿಷ್ ಶಾಲೆಯಾದೀತೇ ಹೊರತು, 1924ರಲ್ಲಿ ಜಿನೀವಾದ ಪೋಷಕರು ಕನಸು ಕಂಡ ಶಾಲೆಯಾಗದು.

ಶಾಲೆ ಎಷ್ಟೇ ಉತ್ತಮವಾಗಿರಲಿ, ಅದು ಕಲಿಸುವುದು ತನ್ನ ನುಡಿಗಳನ್ನು. ಮನೆಯ ನುಡಿಗೆ ಶುಲ್ಕವಿಲ್ಲ, ಪ್ರವೇಶಪರೀಕ್ಷೆಯಿಲ್ಲ. ದಿನಕ್ಕೆ ಅರ್ಧ ಗಂಟೆ ಮಗುವಿನ ಪಕ್ಕದಲ್ಲಿ ಕುಳಿತು ಕನ್ನಡದ ಪುಸ್ತಕವೊಂದನ್ನು ಓದಿಹೇಳುವ ತಂದೆ ಅಥವಾ ತಾಯಿ ಇದ್ದರೆ, ಮಗುವಿಗೆ ಎರಡರ ಬದಲು ಮೂರು ನುಡಿಗಳು ದಕ್ಕುತ್ತವೆ. ಆಗ ಅಜ್ಜಿಯ ಕಥೆಗೆ ಕಿವಿಗೊಡುವುದರ ಜೊತೆಗೆ ಪ್ರಶ್ನೆ ಕೇಳುವುದಕ್ಕೂ ಅದಕ್ಕೆ ಬಾಯಿ ಬರುತ್ತದೆ.